ಅಪ್ಪಾಜಿ ಕೈ ಬೆಳಗ್ಗೆ ಒಂಥರಾ, ಮಧ್ಯಾಹ್ನ ಒಂಥರಾ: ಫೋನ್ ತಾನೇ ಹೊಂದಿಕೊಳ್ಳಲ್ವಾ?

ಪ್ರಶ್ನೆ: ಸರ್, ನಮ್ಮದು ದಾವಣಗೆರೆ, ಮಂಡಿಪೇಟೆಯಲ್ಲಿ ಅಂಗಡಿ ಇದೆ. ಅಪ್ಪಾಜಿಗೆ 71 ವರ್ಷ, ಹತ್ತಿ ಮಿಲ್‌ನಲ್ಲಿ ದುಡಿದವರು. ಈಗ ಪಾರ್ಕಿನ್ಸನ್ ಕಾಯಿಲೆ ಇದೆ, ಕೈ ನಡುಗುತ್ತೆ, ನಿಧಾನವಾಗಿದೆ. ಮಾತ್ರೆ ತಗೊಂಡು ಸ್ವಲ್ಪ ಹೊತ್ತಾದ ಮೇಲೆ ಕೈ ಮಾತು ಕೇಳುತ್ತೆ, ಮಾತ್ರೆಯ ಶಕ್ತಿ ಇಳಿದರೆ ಫೋನ್ ಮುಟ್ಟೋದೇ ಕಷ್ಟ. ಆದರೂ ತರಕಾರಿಗೆ, ಔಷಧಿಗೆ ದುಡ್ಡು ತಾವೇ ಕಳಿಸಬೇಕು ಅನ್ನೋ ಹಠ. ಅಕ್ಷರ ದೊಡ್ಡದು ಮಾಡಿಕೊಟ್ಟೆ, ಸಾಲಲಿಲ್ಲ. ಅವರ ಕೈ ಹೇಗಿದೆ ಅಂತ ನೋಡಿಕೊಂಡು ಫೋನೇ ಬಟನ್ ದೊಡ್ಡದು ಮಾಡೋದು, ನಿಧಾನ ಮಾಡೋದು ಇಲ್ವಾ? ಮಗಳು ಇಲ್ಲೇ ಇಂಜಿನಿಯರಿಂಗ್ ಕೊನೇ ವರ್ಷ ಓದ್ತಿದ್ದಾಳೆ, ಇದನ್ನೇ ಪ್ರಾಜೆಕ್ಟ್ ಮಾಡ್ತೀನಿ ಅಂತಾಳೆ. ಆಗುತ್ತಾ?

ಉತ್ತರ: ನೀವು ಕೇಳಿದ್ದು ಬಿಡಿ ಬಿಡಿಯಾಗಿ ಫೋನ್‌ನಲ್ಲಿ ಇದೆ, ಒಟ್ಟಾಗಿ ಇಲ್ಲ. ಹೊಂದಿಸುವ ಗುಂಡಿಗಳೆಲ್ಲ ಒಳಗೆ ಇವೆ, ಆದರೆ ಹೊತ್ತಿಗೆ ತಕ್ಕಂತೆ ಅವನ್ನು ತಿರುಗಿಸುವವರಿಲ್ಲ. ಸದ್ಯಕ್ಕೆ ತಿರುಗಿಸುವವರು ನೀವೇ ಆಗಬೇಕು. ಯಾವುದನ್ನು ತಿರುಗಿಸಬೇಕು ಅಂತ ಮೊದಲು ಹೇಳುತ್ತೇನೆ, ಫೋನ್ ಯಾಕೆ ತಾನೇ ಮಾಡಲ್ಲ ಅನ್ನೋದು ಆಮೇಲೆ, ಮಗಳ ಪ್ರಾಜೆಕ್ಟ್ ಕೊನೆಗೆ.

ಎಲ್ಲರೂ ನಡುಕವನ್ನೇ ದೂರುತ್ತಾರೆ. ಆದರೆ ಪಾರ್ಕಿನ್ಸನ್ ನಡುಕ ಜಾಸ್ತಿ ಕಾಣುವುದು ಕೈ ಸುಮ್ನೆ ತೊಡೆ ಮೇಲೆ ಇದ್ದಾಗ. ಏನಾದರೂ ಹಿಡಿಯಲು ಕೈ ಚಾಚಿದರೆ ಎಷ್ಟೋ ಜನರಲ್ಲಿ ಅದು ಕಡಿಮೆಯಾಗುತ್ತದೆ. ಫೋನ್ ಜೊತೆ ಜಗಳ ಹಚ್ಚುವುದು ಹೆಚ್ಚಾಗಿ ನಿಧಾನ. ಬೆರಳು ಗಾಜಿನ ಮೇಲೆ ಇಳಿಯುತ್ತದೆ, ಮೇಲೆ ಏಳಲು ತಡವಾಗುತ್ತದೆ. ಸುಮಾರು ಅರ್ಧ ಸೆಕೆಂಡ್ ದಾಟಿದರೆ ಆಂಡ್ರಾಯ್ಡ್ ಅದನ್ನು ಮುಟ್ಟಿದ್ದು ಅಂತ ಲೆಕ್ಕ ಹಾಕುವುದಿಲ್ಲ, ಒತ್ತಿ ಹಿಡಿದದ್ದು ಅಂತ ತಿಳಿಯುತ್ತದೆ. ಆ್ಯಪ್ ತೆರೆಯಲು ಹೋದವರ ಮುಂದೆ ಬೇಡದ ಪಟ್ಟಿಯೊಂದು ಬಂದು ನಿಲ್ಲುತ್ತದೆ, ಐಕಾನ್ ಕಿತ್ತುಕೊಂಡು ಬೆರಳ ಜೊತೆ ಓಡಾಡುತ್ತದೆ. ಇನ್ನೊಂದು, ಜಾರುವಿಕೆ. ಇಟ್ಟ ಬೆರಳು ಒಂದು ಮಿಲಿಮೀಟರ್ ಚಿಲ್ಲರೆ ಸರಿದರೂ ಸಾಕು, ಇವರು ಪುಟ ಸರಿಸುತ್ತಿದ್ದಾರೆ ಅಂದುಕೊಂಡು ಫೋನ್ ಒತ್ತಿದ್ದನ್ನು ಬಿಟ್ಟೇಬಿಡುತ್ತದೆ. ಮೂರನೆಯದು ಬಟನ್ ಗಾತ್ರ. ಗೂಗಲ್ ಆ್ಯಪ್ ಮಾಡುವವರಿಗೆ ಹೇಳುವುದು ಸುಮಾರು 9 ಮಿಲಿಮೀಟರ್, ಅದನ್ನೂ ಎಷ್ಟೋ ಜನ ಪಾಲಿಸುವುದಿಲ್ಲ. ನೀವು ಅಕ್ಷರ ದೊಡ್ಡದು ಮಾಡಿದ್ದು ಕಣ್ಣಿಗೆ ಆಯಿತು. ಈ ಮೂರರಲ್ಲಿ ಎರಡನ್ನು ಅದು ಮುಟ್ಟುವುದೇ ಇಲ್ಲ, ಮೂರನೆಯದನ್ನೂ ಅಷ್ಟಕ್ಕಷ್ಟೇ. ಸಾಲಲಿಲ್ಲ ಅಂದಿದ್ದು ಇದಕ್ಕೇ.

ಹಾಗಾಗಿ ಇವತ್ತು ಸಂಜೆ ಅಂಗಡಿ ಮುಚ್ಚಿದ ಮೇಲೆ ಅಪ್ಪಾಜಿ ಪಕ್ಕ ಕೂತು ಒಂದು ಕೆಲಸ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್‌ಗೆ ಹೋಗಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅದರಲ್ಲಿ ಶೋ ಟ್ಯಾಪ್ಸ್ ಆನ್ ಮಾಡಿ. ಈಗ ಬೆರಳು ಮುಟ್ಟಿದ ಕಡೆಯೆಲ್ಲ ಒಂದು ಬಿಳಿ ಚುಕ್ಕೆ ಕಾಣುತ್ತದೆ. ಅವರು ಎಂದಿನಂತೆ ಬಳಸಲಿ, ನೀವು ಬಾಯಿ ಮುಚ್ಚಿಕೊಂಡು ನೋಡಿ. ಚುಕ್ಕೆ ಎಷ್ಟು ಹೊತ್ತು ನಿಲ್ಲುತ್ತದೆ, ಎತ್ತ ಕಡೆ ಜಾರುತ್ತದೆ ಅಂತ ಗೊತ್ತಾಗುತ್ತದೆ. ಬಹಳಷ್ಟು ಹಿರಿಯರಲ್ಲಿ ಇನ್ನೊಂದು ಚುಕ್ಕೆ ಸ್ಕ್ರೀನಿನ ಅಂಚಿನಲ್ಲಿ ಕದಲದೆ ಕೂತಿರುವುದು ಕಾಣುತ್ತದೆ. ಅದು ಫೋನ್ ಹಿಡಿದ ಎಡಗೈಯ ಹೆಬ್ಬೆರಳು! ಬಿದ್ದುಹೋಗುತ್ತೆ ಅನ್ನೋ ಭಯಕ್ಕೆ ಗಟ್ಟಿಯಾಗಿ ಹಿಡಿದಿರುತ್ತಾರೆ, ಹೆಬ್ಬೆರಳು ಗಾಜಿನ ಮೇಲೆ ಏರಿರುತ್ತದೆ, ಫೋನ್ ಎರಡು ಬೆರಳು ಅಂತ ಗೊಂದಲಕ್ಕೆ ಬೀಳುತ್ತದೆ. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ. ದಪ್ಪ ಅಂಚಿನ ಕವರ್ ಹಾಕಿ, ಇಲ್ಲಾ ಫೋನನ್ನು ಟೇಬಲ್ ಮೇಲೆ ಸ್ಟ್ಯಾಂಡ್‌ನಲ್ಲಿ ಇಡಿ. ಮುಂಗೈ ಟೇಬಲ್‌ಗೆ ಊರಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಆಮೇಲೆ ಅಕ್ಸೆಸಿಬಿಲಿಟಿ ಸೆಟ್ಟಿಂಗ್ಸ್, ಅಂದರೆ ಕಣ್ಣು, ಕೈ ಕಷ್ಟ ಇರುವವರಿಗಾಗಿ ಇಟ್ಟಿರುವ ಭಾಗ. ಆಂಡ್ರಾಯ್ಡ್‌ನಲ್ಲಿ ಟಚ್ ಅಂಡ್ ಹೋಲ್ಡ್ ಡಿಲೇ ಅಂತ ಇರುತ್ತದೆ, ಅದನ್ನು ಲಾಂಗ್ ಮಾಡಿ. ಟೈಮ್ ಟು ಟೇಕ್ ಆ್ಯಕ್ಷನ್ ಅಂತ ಇನ್ನೊಂದಿದೆ, ಕ್ಷಣ ಮಾತ್ರ ಬಂದು ಮಾಯವಾಗುವ ಸೂಚನೆಗಳನ್ನು ಜಾಸ್ತಿ ಹೊತ್ತು ನಿಲ್ಲಿಸುವುದಕ್ಕೆ. ಸ್ಯಾಮ್‌ಸಂಗ್ ಆದರೆ ಟ್ಯಾಪ್ ಡ್ಯುರೇಷನ್, ಇಗ್ನೋರ್ ರಿಪೀಟೆಡ್ ಟಚಸ್ ಕೂಡ ಸಿಗುತ್ತವೆ. ಐಫೋನ್ ಆದರೆ ಟಚ್ ಅಕಾಮಡೇಷನ್ಸ್ ನೋಡಿ. ಬೆರಳು ಮೊದಲು ಇಟ್ಟ ಜಾಗ ಲೆಕ್ಕಕ್ಕೆ ಬರಬೇಕಾ, ಎತ್ತಿದ ಜಾಗ ಬರಬೇಕಾ ಅಂತ ಅದರಲ್ಲಿ ಆರಿಸಬಹುದು. ಇಟ್ಟಮೇಲೆ ಜಾರುವವರಿಗೆ ಮೊದಲನೆಯದು ಒಳ್ಳೆಯದು, ಇಡುವಾಗಲೇ ತಪ್ಪಿ ಆಮೇಲೆ ಸರಿಮಾಡಿಕೊಳ್ಳುವವರಿಗೆ ಎರಡನೆಯದು. ಚುಕ್ಕೆ ನೋಡಿ ಅಂದಿದ್ದು ಇಂಥದ್ದಕ್ಕೂ ಹೌದು. ನಿಮ್ಮದು ಆಂಡ್ರಾಯ್ಡ್ ಆದರೆ ಎತ್ತಿದ ಜಾಗ, ಇಟ್ಟ ಜಾಗದ ಆಯ್ಕೆ ಹುಡುಕಲು ಹೋಗಬೇಡಿ, ಮೇಲಿನವೇ ಸಾಕಷ್ಟು ಕೆಲಸ ಮಾಡುತ್ತವೆ.

ಒಂದು ಎಚ್ಚರಿಕೆ. ಮತ್ತೆ ಮತ್ತೆ ಬಿದ್ದ ಸ್ಪರ್ಶವನ್ನು ಬಿಟ್ಟುಬಿಡುವ ಸೆಟ್ಟಿಂಗ್ ನಡುಕ ಇರುವವರಿಗೆ ವರದಾನ. ಆದರೆ ಅದನ್ನು ಜಾಸ್ತಿ ಇಟ್ಟರೆ ಫೋನ್ ನಂಬರ್‌ನಲ್ಲಿ 99 ಬಂದಾಗ ಎರಡನೇ 9 ಬೀಳುವುದಿಲ್ಲ. ಒಟಿಪಿಯಲ್ಲಿ 55 ಬಂದರೂ ಅಷ್ಟೇ. ಕೈ ಚೆನ್ನಾಗಿರುವ ಹೊತ್ತಿನಲ್ಲಿ ಅಪ್ಪಾಜಿ ಬೇಗ ಬೇಗ ಒತ್ತುತ್ತಾರೆ, ಆಗ ಈ ಸೆಟ್ಟಿಂಗೇ ಅಡ್ಡ ಬರುತ್ತದೆ. ಬಟನ್ ದೊಡ್ಡದಿದ್ದರೆ ಒಳ್ಳೆ ಹೊತ್ತಿನಲ್ಲೂ ನಷ್ಟವಿಲ್ಲ, ಒತ್ತಿ ಹಿಡಿಯುವ ಹೊತ್ತು ಉದ್ದವಾದರೂ ನಷ್ಟವಿಲ್ಲ. ಅವನ್ನು ಕೈ ಅತ್ಯಂತ ಕಷ್ಟದಲ್ಲಿರುವ ಹೊತ್ತಿಗೆ ಹೊಂದಿಸಿ ಹಾಗೇ ಬಿಟ್ಟುಬಿಡಿ. ಕಾಯಿಸುವ, ನುಂಗಿಹಾಕುವ ಸೆಟ್ಟಿಂಗ್‌ಗಳು ಮಾತ್ರ ಹೊತ್ತಿಗೆ ತಕ್ಕಂತೆ ಬದಲಾಗಬೇಕು. ತಾನಾಗಿ ಹೊಂದಿಕೊಳ್ಳುವ ಸಾಫ್ಟ್‌ವೇರ್ ನಿಜಕ್ಕೂ ಬೇಕಾಗಿರುವುದು ಆ ಜಾಗದಲ್ಲಿ.

ದುಡ್ಡಿನ ವಿಷಯ. ಯುಪಿಐ ಪಿನ್ ಹಾಕುವ ಪುಟವೇ ಅಪ್ಪಾಜಿಗೆ ದೊಡ್ಡ ತಲೆನೋವು ಆಗಿರುತ್ತದೆ ಅಂತ ನನ್ನ ಅಂದಾಜು. ಅಲ್ಲಿ ಸಾಮಾನ್ಯವಾಗಿ ಕಾಣುವುದು ಬರೀ ಚುಕ್ಕೆ, ಒಂದು ಅಂಕಿ ತಪ್ಪಿದರೆ ಗೊತ್ತಾಗುವುದಿಲ್ಲ. ಆ ಪುಟ ಇರುವುದೇ ಯಾರೂ ಕೈಯಾಡಿಸಬಾರದು ಅಂತ, ಹಾಗಾಗಿ ಅದನ್ನು ಹಿಗ್ಗಿಸಲು ಹೋಗುವ ಬದಲು ಅದರ ಮುಂದೆ ಬರುವ ಸಂದರ್ಭವನ್ನೇ ಕಡಿಮೆ ಮಾಡಿ. ಯುಪಿಐ ಲೈಟ್ ಹಾಕಿಕೊಡಿ, ಅದು ಮೊದಲೇ ಸ್ವಲ್ಪ ದುಡ್ಡು ತುಂಬಿಟ್ಟು ಸಣ್ಣ ಪಾವತಿಯನ್ನು ಪಿನ್ ಇಲ್ಲದೆ ಮಾಡುವ ವ್ಯವಸ್ಥೆ. 2024ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅದರ ಮಿತಿಯನ್ನು ಒಂದು ಸಲದ ಪಾವತಿಗೆ 1000 ರೂಪಾಯಿಗೆ, ಅದರಲ್ಲಿ ತುಂಬಿಡಬಹುದಾದ ಒಟ್ಟು ದುಡ್ಡಿಗೆ 5000 ರೂಪಾಯಿಗೆ ಏರಿಸಿತು. ತರಕಾರಿ, ಹಾಲು, ಮೆಣಸಿನಕಾಯಿ-ಮಂಡಕ್ಕಿ ಎಲ್ಲ ಪಿನ್ ಇಲ್ಲದೆ ಮುಗಿಯುತ್ತದೆ. ಫೋನ್ ಕಳೆದರೆ ಲೈಟ್‌ನಲ್ಲಿದ್ದಷ್ಟು ದುಡ್ಡು ಅಪಾಯದಲ್ಲಿ ಅನ್ನೋದು ನೆನಪಿರಲಿ, ಫೋನ್‌ಗೆ ಬೆರಳಚ್ಚಿನ ಬೀಗ ಇರಲಿ. ಔಷಧಿಯಂಥ ದೊಡ್ಡ ಬಿಲ್‌ಗೆ 2024ರಲ್ಲೇ ಬಂದ ಯುಪಿಐ ಸರ್ಕಲ್ ನೋಡಿ. ನಿಮ್ಮ ಖಾತೆಯಿಂದ ಅವರು ತಮ್ಮ ಫೋನ್‌ನಲ್ಲೇ ಪಾವತಿ ಮಾಡಬಹುದು, ತಿಂಗಳ ಮಿತಿ ನೀವು ಹಾಕಬಹುದು. ಆದರೆ ಅವರದ್ದು ಹಠ ಅಂದಿರಲ್ಲ, ಮಗನ ಖಾತೆಯಿಂದ ಅಂದರೆ ಒಪ್ಪುತ್ತಾರೋ ಇಲ್ಲವೋ ನೀವೇ ಕೇಳಿ ನೋಡಿ!

ಈಗ ನಿಮ್ಮ ಮೂಲ ಪ್ರಶ್ನೆ. ಫೋನ್ ತಾನೇ ಯಾಕೆ ಮಾಡಲ್ಲ?

ಸಂಶೋಧನೆ ಹೊಸದೇನಲ್ಲ. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕ್ರಿಶ್ಟೋಫ್ ಗಾಯೋಸ್, ಡ್ಯಾನಿಯಲ್ ವೆಲ್ಡ್ ಸೇರಿ ಸಪಲ್ ಅನ್ನೋ ವ್ಯವಸ್ಥೆ ಕಟ್ಟಿದರು, ಆಮೇಲೆ ಜೇಕಬ್ ವಾಬ್ರಾಕ್ ಜೊತೆಯಾದರು. ಮೊದಲು ವ್ಯಕ್ತಿಯಿಂದ ಕೆಲವು ಸಣ್ಣ ಕೆಲಸ ಮಾಡಿಸುತ್ತಾರೆ: ಇಲ್ಲಿ ಒತ್ತಿ, ಇದನ್ನು ಎಳೆಯಿರಿ, ಪಟ್ಟಿಯಿಂದ ಆರಿಸಿ. ಅಷ್ಟರಿಂದ ಆ ಒಬ್ಬರ ಕೈ ಹೇಗೆ ಅಂತ ಲೆಕ್ಕ ಹಾಕಿ, ಅವರಿಗೆ ಕಡಿಮೆ ಹೊತ್ತು ಹಿಡಿಯುವ ಹಾಗೆ ಇಡೀ ಪುಟವನ್ನು ಕಂಪ್ಯೂಟರೇ ಹೊಸದಾಗಿ ಜೋಡಿಸುತ್ತದೆ. 2008ರಲ್ಲಿ ಅವರು ಕೊಟ್ಟ ಫಲಿತಾಂಶದಲ್ಲಿ, ಕೈಕಾಲಿನ ಚಲನೆಯಲ್ಲಿ ತೊಂದರೆ ಇದ್ದವರು ಎಲ್ಲರಿಗೂ ಒಂದೇ ಆಗಿದ್ದ ಪುಟಕ್ಕಿಂತ ಸುಮಾರು ಶೇ 26ರಷ್ಟು ಬೇಗ ಕೆಲಸ ಮುಗಿಸಿದರು, ತಪ್ಪುಗಳು ಶೇ 73ರಷ್ಟು ಕಡಿಮೆಯಾದವು. ನನಗೆ ಮುಖ್ಯ ಅನಿಸುವುದು ಎರಡನೆಯ ಸಂಖ್ಯೆ. ನಿಧಾನಕ್ಕೆ ಯಾರೂ ಸೋಲುವುದಿಲ್ಲ, ತಪ್ಪಿಗೆ ಸೋಲುತ್ತಾರೆ. ನಾಲ್ಕು ಸಲ ತಪ್ಪು ಪುಟಕ್ಕೆ ಹೋಗಿ ಬಂದವರು ಐದನೇ ಸಲ ಫೋನ್ ಪಕ್ಕಕ್ಕಿಟ್ಟು ಮೊಮ್ಮಗಳನ್ನು ಕೂಗುತ್ತಾರೆ, ಅಲ್ವಾ?

ಲ್ಯಾಬ್‌ನಲ್ಲಿ ಸಾಧ್ಯವಾದದ್ದು ಮಂಡಿಪೇಟೆಯಲ್ಲಿ ಯಾಕೆ ಆಗಲ್ಲ ಅಂದರೆ, ಲ್ಯಾಬ್‌ನಲ್ಲಿ ಎಲ್ಲಿ ಒತ್ತಬೇಕು ಅಂತ ಹೇಳಿದವರೇ ಸಂಶೋಧಕರು. ಬೆರಳು ಎಷ್ಟು ತಪ್ಪಿತು ಅಂತ ಅಳೆಯಬಹುದು. ನಿಮ್ಮ ಅಪ್ಪಾಜಿ ಮನಸ್ಸಿನಲ್ಲಿ ಏನಿತ್ತು ಅಂತ ಫೋನ್‌ಗೆ ಗೊತ್ತಿಲ್ಲ. ಅವರು ವಾಟ್ಸ್‌ಆ್ಯಪ್ ಒತ್ತಿದರು, ಕ್ಯಾಮೆರಾ ಒತ್ತಲು ಹೋಗಿ ತಪ್ಪಿತೋ, ವಾಟ್ಸ್‌ಆ್ಯಪೇ ಬೇಕಿತ್ತೋ? ತೆರೆದ ತಕ್ಷಣ ಹಿಂದಕ್ಕೆ ಬಂದರೆ, ಬರೆದ ಅಕ್ಷರವನ್ನು ಕೂಡಲೇ ಅಳಿಸಿದರೆ, ಒಂದೇ ಬಟನ್ ಸುತ್ತ ಮೂರು ಸಲ ಒತ್ತಿದರೆ, ತಪ್ಪಿರಬಹುದು ಅಂತ ಊಹಿಸಬಹುದು. ಊಹೆಯೇ ಹೊರತು ಅಳತೆ ಅಲ್ಲ. ಅದರ ಮೇಲೆ ಕಾರಣ ಯಾವುದು ಅನ್ನೋ ಪ್ರಶ್ನೆ. ಏಪ್ರಿಲ್ ಬಿಸಿಲಲ್ಲಿ ಸ್ಕ್ರೀನ್ ಕಾಣದೆ ತಪ್ಪಿರಬಹುದು. ಚಿತ್ರದುರ್ಗದ ಬಸ್ಸಿನಲ್ಲಿ ಕುಲುಕಾಟಕ್ಕೆ ತಪ್ಪಿರಬಹುದು. ವಯಸ್ಸಾದವರ ಬೆರಳ ತುದಿ ಒಣಗಿರುತ್ತದೆ, ಈ ಗಾಜು ಚರ್ಮದ ವಿದ್ಯುತ್ ಗುಣವನ್ನು ನೆಚ್ಚಿಕೊಂಡು ಕೆಲಸ ಮಾಡುವುದರಿಂದ ಒಣ ಬೆರಳನ್ನು ಕೆಲವೊಮ್ಮೆ ಗುರುತಿಸುವುದೇ ಇಲ್ಲ, ಅದರ ಮೇಲೆ ಎರಡು ವರ್ಷದ ಹಿಂದಿನ ಸ್ಕ್ರೀನ್‌ಗಾರ್ಡ್ ಬೇರೆ. ಇವುಗಳಲ್ಲಿ ಯಾವುದೂ ಪಾರ್ಕಿನ್ಸನ್ ಅಲ್ಲ. ಇನ್ನು ನಮ್ಮ ಮನೆಗಳಲ್ಲಿ ಒಂದು ಫೋನ್ ಒಬ್ಬರ ಕೈಯಲ್ಲಿ ಇರುತ್ತದಾ? ಬೆಳಗ್ಗೆ ಅಪ್ಪಾಜಿ, ಸಂಜೆ ಮೊಮ್ಮಕ್ಕಳ ಗೇಮ್. ಮಗುವಿನ ಚುರುಕು ಬೆರಳು ನೋಡಿದ ಫೋನ್, ಇವರ ಕೈ ವಾಸಿಯಾಯಿತು ಅಂದುಕೊಳ್ಳುತ್ತದೆ.

ಎರಡನೇ ತೊಡಕು ಇನ್ನೂ ದೊಡ್ಡದು. ತಾನಾಗಿ ಬದಲಾಗುವುದು ಜನಕ್ಕೆ ಇಷ್ಟವಾಗುವುದಿಲ್ಲ. ಮೈಕ್ರೋಸಾಫ್ಟ್ ಆಫೀಸ್ 2000 ಬಳಸಿದವರು ನೆನಪು ಮಾಡಿಕೊಳ್ಳಿ, ಮೆನು ತೆರೆದರೆ ಅರ್ಧ ಮಾತ್ರ ಕಾಣುತ್ತಿತ್ತು, ಕೆಳಗೆ ಜೋಡಿ ಬಾಣದ ಗುರುತು. ನೀವು ಜಾಸ್ತಿ ಬಳಸಿದ್ದು ಮಾತ್ರ ತೋರಿಸುತ್ತೇನೆ, ಉಳಿದದ್ದು ಬಚ್ಚಿಡುತ್ತೇನೆ ಅನ್ನೋ ಜಾಣತನ. ಜನ ನೆನಪಿಟ್ಟುಕೊಂಡಿದ್ದು ಜಾಗವನ್ನು, ಮೇಲಿಂದ ನಾಲ್ಕನೆಯದು ಅಂತ. ಆ ನಾಲ್ಕನೆಯದು ಇವತ್ತು ಎರಡನೆಯದಾದರೆ? 2007ರ ಆಫೀಸ್‌ನಲ್ಲಿ ಮುಖ್ಯ ಪ್ರೋಗ್ರಾಂಗಳಿಗೆ ರಿಬ್ಬನ್, ಅಂದರೆ ಮೇಲ್ಭಾಗದ ಬಟನ್ ಪಟ್ಟಿ, ಬಂದು ಆ ಮೆನುಗಳೇ ಹೋದವು. ಅಡುಗೆಮನೆಯಲ್ಲಿ ಜೀರಿಗೆ ಡಬ್ಬಿ ಇದ್ದ ಜಾಗಕ್ಕೆ ರಾತ್ರೋರಾತ್ರಿ ಯಾರೋ ಅರಿಶಿನ ಇಟ್ಟರೆ ಅಮ್ಮನಿಗೆ ಎಷ್ಟು ಸಿಟ್ಟು ಬರುತ್ತೆ, ಡಬ್ಬಿ ಹೊಸದಾಗಿದ್ದರೂ ಅಷ್ಟೇ. ಕಣ್ಣು ಮಂಜಾದವರಿಗೆ, ಕೈ ನಿಧಾನವಾದವರಿಗೆ ಜಾಗದ ನೆನಪೇ ಆಸರೆ. ಅವರಿಗೆ ಸಹಾಯ ಮಾಡುತ್ತೇನೆ ಅಂತ ಬಟನ್ ಜಾಗ ಬದಲಿಸಿದರೆ ಇದ್ದ ಆಸರೆಯನ್ನೂ ಕಿತ್ತುಕೊಂಡ ಹಾಗೆ.

ಹಾಗಾದರೆ ಹೊಂದಿಕೊಳ್ಳುವುದು ಎಲ್ಲೂ ಗೆದ್ದಿಲ್ಲವಾ? ಗೆದ್ದಿದೆ, ನಿಮಗೆ ಕಾಣದ ಹಾಗೆ. ಐಫೋನ್ 2007ರಲ್ಲಿ ಬಂದಾಗಿನಿಂದ ಅದರ ಕೀಬೋರ್ಡ್‌ನಲ್ಲಿ ಒಂದು ಗುಟ್ಟಿದೆ. ಮುಂದೆ ಯಾವ ಅಕ್ಷರ ಬರಬಹುದು ಅಂತ ಊಹಿಸಿ ಆ ಕೀಲಿಯ ಸುತ್ತ ಮುಟ್ಟಿದರೂ ಅದಕ್ಕೇ ಲೆಕ್ಕ ಹಾಕುತ್ತದೆ, ಚಿತ್ರ ಮಾತ್ರ ಇದ್ದ ಹಾಗೇ ಇರುತ್ತದೆ. 2018ರ ಆಂಡ್ರಾಯ್ಡ್ 9ರಲ್ಲಿ ಸ್ಕ್ರೀನ್ ಬೆಳಕು ನೀವು ಸರಿಮಾಡಿದ್ದನ್ನು ನೋಡಿ ಕಲಿಯತೊಡಗಿತು. ತಪ್ಪಾದರೆ ಬೆರಳಲ್ಲಿ ಎಳೆದು ಸರಿಮಾಡುತ್ತೀರಿ, ಅದೇ ಅದಕ್ಕೆ ಪಾಠ. ವಾಬ್ರಾಕ್ ತಂಡದ್ದೇ 2009ರ ಆ್ಯಂಗಲ್ ಮೌಸ್ ಕೂಡ ಇದೇ ಜಾತಿ. ಮೌಸ್ ನೇರ ಹೋಗುತ್ತಿದ್ದರೆ ಬಾಣ ಬೇಗ ಓಡುತ್ತದೆ, ಕೈ ಅತ್ತಿತ್ತ ತಡವರಿಸಿದರೆ ನಿಧಾನವಾಗುತ್ತದೆ, ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಅದಕ್ಕೆ ಗೊತ್ತಿರಬೇಕಾಗಿಯೇ ಇಲ್ಲ. ಮನಸ್ಸು ಓದಲಾಗದ ತೊಂದರೆಯನ್ನು ಅವರು ಎಷ್ಟು ಚೆನ್ನಾಗಿ ಪಕ್ಕಕ್ಕಿಟ್ಟರು ನೋಡಿ! ಮೂರರಲ್ಲೂ ಜಾಗ ಬದಲಾಗಲಿಲ್ಲ, ವೇಗ, ಬೆಳಕು, ತಪ್ಪನ್ನು ಕ್ಷಮಿಸುವ ಅಳತೆ ಇಷ್ಟೇ ಬದಲಾದವು. ನನ್ನ ಅಭಿಪ್ರಾಯದಲ್ಲಿ ಗೆರೆ ಎಳೆಯಬೇಕಾದ್ದು ಇಲ್ಲೇ.

ಖಾಸಗಿತನದ ವಿಚಾರವನ್ನೂ ಮರೆಯಬೇಡಿ. ಬೆರಳು ಎಷ್ಟು ಹೊತ್ತು ಕೀಲಿ ಮೇಲೆ ನಿಲ್ಲುತ್ತದೆ ಅನ್ನೋದರಿಂದಲೇ ಪಾರ್ಕಿನ್ಸನ್ ಸುಳಿವು ಹಿಡಿಯಬಹುದು ಅಂತ 2016ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಅಂದರೆ ಸಹಾಯಕ್ಕೆ ಅಂತ ಕೂಡಿಟ್ಟ ಈ ಲೆಕ್ಕ ಆಸ್ಪತ್ರೆಯ ಚೀಟಿ ಇದ್ದ ಹಾಗೆಯೇ. ಅದು ಫೋನ್ ಬಿಟ್ಟು ಹೊರಗೆ ಹೋಗಬಾರದು. ಇಂಥದ್ದನ್ನು ಮಾಡಿಕೊಡುತ್ತೇವೆ ಅನ್ನುವ ಯಾವುದೋ ಆ್ಯಪ್ ಸಿಕ್ಕಿತು ಅಂತ ಎಲ್ಲ ಅನುಮತಿ ಕೊಟ್ಟುಬಿಡಬೇಡಿ. ಅಕ್ಸೆಸಿಬಿಲಿಟಿ ಅನುಮತಿ ಸಿಕ್ಕ ಆ್ಯಪ್ ಸ್ಕ್ರೀನ್ ಮೇಲಿನದ್ದನ್ನು ಓದಬಲ್ಲದು, ವಂಚಕರಿಗೆ ಅದೇ ಬೇಕು. ಕೆಲವು ಬ್ಯಾಂಕ್ ಆ್ಯಪ್‌ಗಳು ಈ ಕಾರಣಕ್ಕೇ ಅಂಥ ಆ್ಯಪ್ ಕಂಡರೆ ತೆರೆಯುವುದಿಲ್ಲ.

ಬ್ಯಾಂಕಿನವರು ಆ್ಯಪ್ ಸರಿಮಾಡಲಿ ಅಂತ ಕೇಳುವ ಹಕ್ಕು ನಿಮಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಹೆಸರು ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಆ್ಯಸಿಡ್ ದಾಳಿಗೆ ಒಳಗಾದವರಿಗೆ ಬ್ಯಾಂಕಿನ ಗುರುತು ಪರಿಶೀಲನೆಯಲ್ಲಿ (ಕೆವೈಸಿ) ಕಣ್ಣು ಮಿಟುಕಿಸಲು ಆಗದೆ ಖಾತೆ ಸಿಗದ ಪ್ರಕರಣದಲ್ಲಿ, ಡಿಜಿಟಲ್ ಸೇವೆ ಬಳಸಲು ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿದೆ. ದೂರು ಕೊಡುವಾಗ ಇವೆರಡನ್ನೂ ಬರೆಯಿರಿ.

ಇನ್ನು ಮಗಳ ಪ್ರಾಜೆಕ್ಟ್. ಮಾಡಲಿ, ಒಳ್ಳೆ ವಿಷಯ. ಇಡೀ ಫೋನ್ ಬದಲಾಯಿಸಲು ಮಾತ್ರ ಹೋಗಬಾರದು, ಬೇರೆಯವರ ಆ್ಯಪ್ ಒಳಗೆ ಕೈ ಹಾಕಿದರೆ ಆರು ತಿಂಗಳು ಅದರಲ್ಲೇ ಹೋಗುತ್ತದೆ. ಒಂದು ಲಾಂಚರ್ ಮಾಡಲಿ, ಫೋನ್ ಆನ್ ಮಾಡಿದಾಗ ಕಾಣುವ ಮೊದಲ ಪುಟ. ಅದರಲ್ಲಿ ಅಜ್ಜನಿಗೆ ಬೇಕಾದ ಆರೇ ಬಟನ್. ಎಷ್ಟೇ ದೊಡ್ಡದಾದರೂ ಒಂದನ್ನೊಂದು ತಳ್ಳದ ಹಾಗೆ ಜಾಗ ಮೊದಲೇ ಬಿಟ್ಟಿರಬೇಕು. ದಿನಕ್ಕೆ ಒಂದೆರಡು ಸಲ, ಅವರಿಗೆ ಇಷ್ಟವಿದ್ದಾಗ, ಅರ್ಧ ನಿಮಿಷದ ಚುಕ್ಕಿ ಆಟ: ಹೊತ್ತಿದ ಚುಕ್ಕಿಯನ್ನು ಮುಟ್ಟಬೇಕು. ಎಲ್ಲಿ ಮುಟ್ಟಬೇಕಿತ್ತು ಅಂತ ಇಲ್ಲಿ ಗೊತ್ತಿರುವುದರಿಂದ ಸಿಗುವುದು ನಿಜವಾದ ಅಳತೆ. ಬೆರಳು ನಿಂತ ಹೊತ್ತು, ಜಾರಿದ ದೂರ, ತಪ್ಪಿದ ದಿಕ್ಕು ಮೂರನ್ನು ಬರೆದಿಡಲಿ. ಸರಾಸರಿ ತೆಗೆದು ಅದಕ್ಕೆ ಹೊಂದಿಸಬಾರದು, ಸರಾಸರಿಗೆ ಹೊಂದಿಸಿದರೆ ಅರ್ಧಕ್ಕರ್ಧ ಸ್ಪರ್ಶ ಹೊರಗೆ ಬೀಳುತ್ತದೆ. ನೂರರಲ್ಲಿ ತೊಂಬತ್ತೈದು ಒಳಗೆ ಬರುವ ಹಾಗೆ ಮಿತಿ ಇಡಲಿ.

ಬದಲಾವಣೆ ಒಂದೇ ಸಮನೆ ಆಗಬಾರದು, ಮೂರು ಹಂತ ಸಾಕು. ಕಷ್ಟದ ಕಡೆಗೆ ಬೇಗ ಹೋಗಲಿ, ವಾಪಸ್ ಬರುವಾಗ ನಿಧಾನ ಇರಲಿ, ಇಲ್ಲದಿದ್ದರೆ ಅತ್ತಿಂದಿತ್ತ ತೂಗಾಡುತ್ತದೆ. ಪುಟ ಕಣ್ಣೆದುರು ಇರುವಾಗ ಏನೂ ಬದಲಾಗಬಾರದು, ಸ್ಕ್ರೀನ್ ಆಫ್ ಆಗಿ ಆನ್ ಆದಾಗ ಮಾತ್ರ. ಈಗ ಯಾವ ಹಂತ ಅಂತ ಕಾಣಬೇಕು, ಒಂದೇ ಒತ್ತಿಗೆ ಹಂತ ಬದಲಿಸುವ ಹಾಗಿರಬೇಕು. ಮಾತ್ರೆ ಹೊತ್ತು ಹಾಕಿಕೊಳ್ಳುವ ಒಂದು ಜಾಗವೂ ಇದ್ದರೆ ಒಳ್ಳೆಯದು. ನಿಮ್ಮ ಅಪ್ಪಾಜಿಯ ಕೈ ಬದಲಾಗುವುದು ಮಾತ್ರೆ ಹೊತ್ತಿಗೆ ಅಂದ ಮೇಲೆ ಯಂತ್ರಕಲಿಕೆಗಿಂತ (ಮಷೀನ್ ಲರ್ನಿಂಗ್, ಅಂದರೆ ಅಳತೆಗಳನ್ನು ನೋಡಿ ತಾನೇ ಕಲಿಯುವ ಪ್ರೋಗ್ರಾಂ) ಗಡಿಯಾರವೇ ಚೆನ್ನಾಗಿ ಊಹಿಸಬಹುದು. ಕಾಲೇಜಿನವರಿಗೆ ಮಷೀನ್ ಲರ್ನಿಂಗ್ ಅನ್ನೋ ಪದ ಬೇಕೇ ಬೇಕು ಅಂದರೆ ಎರಡನ್ನೂ ಮಾಡಿ ಹೋಲಿಸಲಿ, ಗಡಿಯಾರ ಗೆದ್ದರೆ ಅದೂ ಒಂದು ಫಲಿತಾಂಶವೇ.

ಪರೀಕ್ಷೆ ಮಾಡುವಾಗ ಮಾಮೂಲಿ ಫೋನ್ ಜೊತೆ ಹೋಲಿಸಿ ಗೆದ್ದೆ ಅಂದರೆ ನಾನಂತೂ ಒಪ್ಪಲ್ಲ. ನೀವು ಸಂಜೆ ಕೂತು ಕಷ್ಟದ ಹೊತ್ತಿಗೆ ಹೊಂದಿಸಿಕೊಟ್ಟ ಫೋನ್ ಇದೆಯಲ್ಲ, ಅದರ ಜೊತೆ ಹೋಲಿಸಬೇಕು. ಎಷ್ಟೋ ಸಲ ಅದೇ ಗೆಲ್ಲುತ್ತದೆ. ಅಜ್ಜನ ಒಪ್ಪಿಗೆ ಕೇಳಿಯೇ ಶುರುಮಾಡಲಿ, ಬೇಡ ಅಂದ ದಿನ ಬೇಡ. ಕೈ ಕಷ್ಟದಲ್ಲಿದ್ದಾಗಿನ ಲೆಕ್ಕ ಬೇಕು ಅಂತ ಮಾತ್ರೆ ತಡ ಮಾಡಿಸುವುದು ಮಾತ್ರ ಆಗಲೇಬಾರದು, ಆ ಹೊತ್ತು ಹೇಗೂ ತಾನೇ ಬರುತ್ತದೆ. ಒಬ್ಬರ ಮೇಲೆ ಮಾತ್ರ ನೋಡಿದ್ದೀಯಲ್ಲಮ್ಮ ಅಂತ ವೈವಾದಲ್ಲಿ ಕೇಳಿದರೆ ಹೆದರಬೇಕಾಗಿಲ್ಲ. ಸಪಲ್ ಕೂಡ ಒಂದೊಂದು ಪುಟ ಜೋಡಿಸುತ್ತಿದ್ದುದು ಒಬ್ಬೊಬ್ಬರ ಕೈ ನೋಡಿಯೇ, ಹಾಗಾಗಿ ಒಬ್ಬರದೇ ಕೈಯಾದರೂ ಬೇರೆ ಬೇರೆ ಹೊತ್ತಿನಲ್ಲಿ, ವಾರಗಟ್ಟಲೆ ಅಳೆದಿದ್ದೇನೆ ಅಂತ ಆ ಲೆಕ್ಕ ಮುಂದಿಡಲಿ.